ಸಿನಿಮಾದಲ್ಲಿ ಕೇಳಿದ ಆ ಎರಡು ನಿಮಿಷ ಆಲ್ಬಂನಲ್ಲಿ ಯಾಕಿಲ್ಲ?

1991ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಹುಕ್’ ಬಂತು. ಮಕ್ಕಳ ಕಥೆಯ ಹಾರುವ ಹುಡುಗ ಪೀಟರ್ ಪ್ಯಾನ್ ದೊಡ್ಡವನಾಗಿ, ವಕೀಲನಾಗಿ, ಹಾರುವುದನ್ನೇ ಮರೆತ ಕಥೆ. ವಿಮರ್ಶಕರಲ್ಲಿ ಹಲವರು ಮೂಗು ಮುರಿದರು. ಆದರೆ ಆಗ ಮಕ್ಕಳಾಗಿದ್ದವರು ಅದನ್ನು ಮರೆಯಲಿಲ್ಲ. ಸಂಗೀತ ಜಾನ್ ವಿಲಿಯಮ್ಸ್ ಅವರದು. ಅದೇ ವರ್ಷ ಸುಮಾರು 75 ನಿಮಿಷದ ಸಿಡಿ ಬಂತು. ಸಿನಿಮಾದಲ್ಲಿ ಕೇಳಿದ್ದೆಲ್ಲ ಅದರಲ್ಲಿ ಇರಲಿಲ್ಲ, ಅಭಿಮಾನಿಗಳಿಗೆ ಸಾಲಲಿಲ್ಲ. 2012ರಲ್ಲಿ ಲಾ-ಲಾ ಲ್ಯಾಂಡ್ ರೆಕಾರ್ಡ್ಸ್ ಅನ್ನೋ ಲೇಬಲ್ (ಅಂದರೆ ಆಲ್ಬಂ ತರುವ ಕಂಪನಿ) ಎರಡು ಸಿಡಿಗಳ ಆವೃತ್ತಿ ತಂದಿತು. ಆಗಲೂ ಸಾಲಲಿಲ್ಲ. 2023ರಲ್ಲಿ ಅದೇ ಲೇಬಲ್ ಮೂರು ಸಿಡಿಗಳ ‘ಅಲ್ಟಿಮೇಟ್ ಎಡಿಷನ್’ ತಂದಿತು. ಒಂದೇ ಸಿನಿಮಾ, ಒಂದೇ ಸಂಗೀತ. ಮೂರು ಸಲ ಬಂತು, ಮೂವತ್ತೆರಡು ವರ್ಷ ಹಿಡಿಯಿತು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಸಂಗೀತ ರೆಕಾರ್ಡ್ ಆಗಿದೆ, ಸಿನಿಮಾದಲ್ಲಿ ಕೇಳಿಸುತ್ತಲೂ ಇದೆ. ಅದನ್ನು ಎತ್ತಿ ಸಿಡಿಗೆ ಹಾಕಲು ಏನು ಕಷ್ಟ? ಇಷ್ಟದ ಫ್ಯಾಂಟಸಿ ಸಿನಿಮಾದ ಬಿಜಿಎಂ ಪೂರ್ತಿಯಾಗಿ ಬರಲಿ ಅಂತ ಹತ್ತಿಪ್ಪತ್ತು ವರ್ಷ ಕಾಯುವವರೂ ಇದೇ ಪ್ರಶ್ನೆ ಕೇಳುತ್ತಾರೆ, ಸ್ವಲ್ಪ ಸಿಟ್ಟಿನಿಂದ. ಕಂಪನಿಯವರಿಗೆ ಆಸಕ್ತಿ ಇಲ್ಲ, ಸೋಮಾರಿತನ, ದುರಾಸೆ ಅಂತೆಲ್ಲ ಬಯ್ಯುತ್ತಾರೆ. ಒಮ್ಮೊಮ್ಮೆ ಅದು ನಿಜವೂ ಇರಬಹುದು. ಆದರೆ ಗೊಂದಲದ ಬೇರು ಬೇರೆ ಕಡೆ ಇದೆ. ‘ಪೂರ್ತಿ ಸಂಗೀತ’ ಅನ್ನೋದು ಎಲ್ಲೋ ಒಂದು ಕಪಾಟಿನಲ್ಲಿ ಸಿದ್ಧವಾಗಿ ಕೂತಿದೆ ಅಂತ ನಾವು ಅಂದುಕೊಂಡಿದ್ದೇವೆ. ಹಾಗೆ ಯಾವುದೂ ಇರುವುದಿಲ್ಲ. ಅದನ್ನು ಯಾರಾದರೂ ಕೂತು ಕಟ್ಟಬೇಕು.

ಒಂದು ಸಿನಿಮಾ, ನಾಲ್ಕು ಸಂಗೀತ

ಸಿನಿಮಾದ ಹಿನ್ನೆಲೆ ಸಂಗೀತವನ್ನು ಹಾಡಿನ ಹಾಗೆ ಬರೆಯುವುದಿಲ್ಲ. ಎಡಿಟ್ ಆದ ಸಿನಿಮಾವನ್ನು ನಿರ್ದೇಶಕ ಮತ್ತು ಸಂಗೀತಗಾರ ಒಟ್ಟಿಗೆ ಕೂತು ನೋಡುತ್ತಾರೆ. ಇಲ್ಲಿ ಸಂಗೀತ ಶುರುವಾಗಲಿ, ಇಲ್ಲಿ ನಿಲ್ಲಲಿ ಅಂತ ಗುರುತು ಹಾಕಿಕೊಳ್ಳುತ್ತಾರೆ. ಹೀಗೆ ಗುರುತಾದ ಒಂದೊಂದು ತುಂಡಿಗೂ ‘ಕ್ಯೂ’ ಅಂತ ಹೆಸರು. ಪ್ರತಿ ಕ್ಯೂಗೂ ಒಂದು ಸಂಖ್ಯೆ ಇರುತ್ತದೆ. 3ಎಂ2 ಅಂದರೆ ಮೂರನೇ ರೀಲಿನ ಎರಡನೇ ತುಂಡು. ದೊಡ್ಡ ಫ್ಯಾಂಟಸಿ ಸಿನಿಮಾದಲ್ಲಿ ಇಂಥ ಹತ್ತಾರು ಕ್ಯೂಗಳು ಇರುತ್ತವೆ. ಕೆಲವು ಹತ್ತು ಸೆಕೆಂಡಿನವು, ಕೆಲವು ಎಂಟು ನಿಮಿಷದವು.

ಸ್ಟುಡಿಯೋದಲ್ಲಿ ಆರ್ಕೆಸ್ಟ್ರಾ ಒಂದು ಕ್ಯೂವನ್ನು ಐದಾರು ಸಲ ನುಡಿಸಬಹುದು. ಮೂರನೇ ಟೇಕಿನ ಶುರು ಚೆನ್ನಾಗಿರುತ್ತದೆ, ಐದನೇ ಟೇಕಿನ ಕೊನೆ ಚೆನ್ನಾಗಿರುತ್ತದೆ. ಎರಡನ್ನೂ ಕತ್ತರಿಸಿ ಜೋಡಿಸುತ್ತಾರೆ. ಉದ್ದದ ಕ್ಯೂಗಳನ್ನು ಎರಡು ಮೂರು ಭಾಗ ಮಾಡಿ ನುಡಿಸುತ್ತಾರೆ. ಕೋರಸ್ ಇನ್ನೊಂದು ದಿನ ಬಂದು ಹಾಡಿ ಹೋಗುತ್ತದೆ. ನಿರ್ದೇಶಕರಿಗೆ ಯಾವುದೋ ತುಂಡು ಹಿಡಿಸದಿದ್ದರೆ ಹೊಸದಾಗಿ ಬರೆಯಬೇಕು. ಆಗ ಒಂದೇ ದೃಶ್ಯಕ್ಕೆ ಎರಡು ಸಂಗೀತ ಉಳಿಯುತ್ತದೆ.

ನಿಜವಾದ ತಲೆನೋವು ಶುರುವಾಗುವುದು ಇದೆಲ್ಲ ಮುಗಿದ ಮೇಲೆ. ರೆಕಾರ್ಡಿಂಗ್ ಆದ ನಂತರವೂ ಸಿನಿಮಾದ ಎಡಿಟಿಂಗ್ ನಡೆಯುತ್ತಲೇ ಇರುತ್ತದೆ. ಡ್ರ್ಯಾಗನ್ ಹಾರುವ ದೃಶ್ಯ ಇಪ್ಪತ್ತು ಸೆಕೆಂಡು ಕಮ್ಮಿಯಾಗುತ್ತದೆ. ಸಂಗೀತದಲ್ಲೂ ಇಪ್ಪತ್ತು ಸೆಕೆಂಡು ಹೋಗಬೇಕು. ಒಂದು ದೃಶ್ಯ ಪೂರ್ತಿ ಬಿದ್ದುಹೋಗುತ್ತದೆ, ಅದರ ಸಂಗೀತ ಅನಾಥ. ಇನ್ನೊಂದು ಕಡೆ ದೃಶ್ಯ ಉದ್ದವಾಗುತ್ತದೆ. ಆಗ ಮ್ಯೂಸಿಕ್ ಎಡಿಟರ್ ಬೇರೆ ಕ್ಯೂವಿನ ತುಂಡನ್ನು ತಂದು ಅಂಟಿಸುತ್ತಾರೆ. ಕೊನೆಗೆ ಮಾತು, ಸದ್ದು, ಸಂಗೀತವನ್ನು ಒಟ್ಟು ಸೇರಿಸುವ ಮಿಕ್ಸಿಂಗ್‌ನಲ್ಲಿ, ಕತ್ತಿ ಖಣಖಣಿಸುವ ಕಡೆ ಸಂಗೀತವೇ ಬೇಡ ಅಂತ ತೀರ್ಮಾನ ಆಗಬಹುದು. ತೊಂಬತ್ತು ಜನ ಕಷ್ಟಪಟ್ಟು ನುಡಿಸಿದ್ದು ಅಲ್ಲಿಗೆ ಮಾಯ.

ಹಾಗಾಗಿ ಬರೆದ ಸಂಗೀತ ಒಂದು, ನುಡಿಸಿದ್ದು ಇನ್ನೊಂದು, ಸಿನಿಮಾದಲ್ಲಿ ಕೇಳಿಸುವುದು ಮತ್ತೊಂದು. ಆಲ್ಬಂ ನಾಲ್ಕನೆಯದು. ಆಲ್ಬಂ ಅಂದರೆ ಮನೆಯಲ್ಲಿ ಕೂತು ಕೇಳಲಿಕ್ಕೆ ಮಾಡಿದ್ದು. ಸಂಗೀತಗಾರರು ತಮಗೆ ಇಷ್ಟವಾದ ಕ್ಯೂಗಳನ್ನು ಆರಿಸುತ್ತಾರೆ, ಒಂದಕ್ಕೊಂದು ಸೇರಿಸುತ್ತಾರೆ, ಕಥೆಯ ಕ್ರಮವನ್ನು ಲೆಕ್ಕಿಸದೆ ಹಿಂದೆ ಮುಂದೆ ಮಾಡುತ್ತಾರೆ. ‘ಹುಕ್’ ಆಲ್ಬಂನ ಮೊದಲ ತುಣುಕು ಹುಟ್ಟಿದ್ದು ಸಿನಿಮಾದ ಟ್ರೇಲರ್‌ಗಾಗಿ. ಸ್ಪೀಲ್‌ಬರ್ಗ್ ಅವರದೇ ‘ಇ.ಟಿ.’ ಸಿನಿಮಾದ 1982ರ ಆಲ್ಬಂ ಅಂತೂ ಬೇರೆಯೇ ರೆಕಾರ್ಡಿಂಗ್. ವಿಲಿಯಮ್ಸ್ ಅದನ್ನು ಎಲ್‌ಪಿಗಾಗಿ, ಅಂದರೆ ಗ್ರಾಮಫೋನ್ ತಟ್ಟೆಗಾಗಿ, ಹೊಸದಾಗಿ ನುಡಿಸಿದ್ದರು. ಸಿನಿಮಾದಲ್ಲಿ ಕೇಳಿದ ಅದೇ ನುಡಿಸಾಣಿಕೆ ಸಿಡಿಯಲ್ಲಿ ಸಿಕ್ಕಿದ್ದು 1996ರಲ್ಲಿ.

ಈಗ ಹೇಳಿ, ಇದರಲ್ಲಿ ‘ಪೂರ್ತಿ’ ಯಾವುದು?

ಮೂವತ್ತು ನಿಮಿಷದ ಲೆಕ್ಕ

ಹಳೆಯ ಆಲ್ಬಂಗಳು ಚಿಕ್ಕದಾಗಿರಲು ಮೊದಲ ಕಾರಣ ಎಲ್ಲರಿಗೂ ಗೊತ್ತಿರುವುದೇ. ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ ಹಿಡಿಯುತ್ತದೆ. ಎರಡೂ ಬದಿ ಸೇರಿ ನಲವತ್ತೈದು ಆದರೆ ಜಾಸ್ತಿ. ಸಿಡಿ ಬಂದ ಮೇಲೆ 74 ನಿಮಿಷ, ಆಮೇಲೆ 80ರ ಹತ್ತಿರದವರೆಗೂ ಜಾಗ ಸಿಕ್ಕಿತು. ಆದರೂ 1980 ಮತ್ತು 90ರ ದಶಕದ ಎಷ್ಟೋ ಸಿನಿಮಾ ಸಿಡಿಗಳು ಬರೀ ಮೂವತ್ತು ನಿಮಿಷದವು. ಅರ್ಧಕ್ಕಿಂತ ಜಾಸ್ತಿ ಸಿಡಿ ಖಾಲಿ. ಅಭಿಮಾನಿಗಳ ಸಿಟ್ಟು ಆಗಲೇ ಶುರುವಾಗಿದ್ದು.

ಇದರ ಹಿಂದೆ ಇದ್ದದ್ದು ಅಮೆರಿಕದ ವಾದ್ಯಗಾರರ ಯೂನಿಯನ್‌ನ ನಿಯಮ. ವಾದ್ಯಗಾರರಿಗೆ ಸ್ಟುಡಿಯೋ ಕೊಟ್ಟ ಸಂಬಳ ಸಿನಿಮಾಗಾಗಿ. ಅದೇ ರೆಕಾರ್ಡಿಂಗನ್ನು ಆಲ್ಬಂ ಮಾಡಿ ಮಾರಿದರೆ ಅದು ಹೊಸ ಬಳಕೆ, ಅದಕ್ಕೆ ಮತ್ತೆ ದುಡ್ಡು ಕೊಡಬೇಕು. ಎಷ್ಟು ಜನ ನುಡಿಸಿದ್ದಾರೆ, ಎಷ್ಟು ನಿಮಿಷದ ಸಂಗೀತ ಬಳಸುತ್ತೀರಿ ಅನ್ನೋದರ ಮೇಲೆ ಮೊತ್ತ ನಿಲ್ಲುತ್ತದೆ. ಫ್ಯಾಂಟಸಿ ಸಿನಿಮಾ ಅಂದರೆ ದೊಡ್ಡ ಆರ್ಕೆಸ್ಟ್ರಾ, ಅಂದರೆ ದೊಡ್ಡ ಬಿಲ್ಲು. ಚಿಕ್ಕ ಲೇಬಲ್‌ಗಳು ಮೂವತ್ತು ನಿಮಿಷಕ್ಕೆ ಕೈ ತೊಳೆದುಕೊಳ್ಳುತ್ತಿದ್ದವು. ಲಂಡನ್‌ನಲ್ಲಿ ರೆಕಾರ್ಡ್ ಆದ ಸಂಗೀತಕ್ಕೆ ಈ ಹೊರೆ ಅಷ್ಟಿರಲಿಲ್ಲ. 1988ರ ‘ವಿಲೋ’ ಸಿನಿಮಾಗೆ ಜೇಮ್ಸ್ ಹಾರ್ನರ್ ಬರೆದ ಸಂಗೀತವನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತ್ತು. ಆ ಸಿಡಿ ಆಗಲೇ ಎಪ್ಪತ್ತು ನಿಮಿಷ ದಾಟಿತ್ತು.

ಯೂನಿಯನ್ನಿನ ಮೇಲೆ ರೇಗುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿಯೇ. ಪಿಟೀಲು ನುಡಿಸಿದವರಿಗೆ ಸಿಡಿ ಮಾರಾಟದಲ್ಲಿ ಪಾಲು ಸಿಗುವುದರಲ್ಲಿ ತಪ್ಪೇನಿದೆ? ಆಮೇಲೆ ಯೂನಿಯನ್ನೇ ದಾರಿ ಬಿಟ್ಟುಕೊಟ್ಟಿತು. ಹಳೆಯ ಸಿನಿಮಾಗಳ ಸಂಗೀತವನ್ನು ಕಡಿಮೆ ಪ್ರತಿಗಳಲ್ಲಿ ತರುವವರಿಗೆ ದರ ಇಳಿಸಿತು. ಎರಡು ಸಾವಿರ, ಮೂರು ಸಾವಿರ ಪ್ರತಿಗಳ ‘ಲಿಮಿಟೆಡ್ ಎಡಿಷನ್’ಗಳು ಸಾಲುಸಾಲಾಗಿ ಬರಲು ಇದೂ ಒಂದು ಕಾರಣ. ಮಿತಿ ಹಾಕಿರುವುದು ಬರೀ ಆಸೆ ಹುಟ್ಟಿಸಲಿಕ್ಕೆ ಅಂತ ತುಂಬಾ ಜನ ನಂಬಿದ್ದಾರೆ. ಹಲವು ಸಲ ಅದು ಒಪ್ಪಂದದಲ್ಲೇ ಬರೆದಿರುತ್ತದೆ.

ಇಂಟ್ರಾಡಾ, ಲಾ-ಲಾ ಲ್ಯಾಂಡ್, ವರೇಸ್ ಸರಬಾಂಡ್, ಸ್ಪೇನ್‌ನ ಕ್ವಾರ್ಟೆಟ್, ಫ್ರಾನ್ಸ್‌ನ ಮ್ಯೂಸಿಕ್ ಬಾಕ್ಸ್. ಈ ಲೋಕದಲ್ಲಿ ಪದೇಪದೇ ಕೇಳಿಬರುವ ಹೆಸರುಗಳು ಇವು. ಎಲ್ಲವೂ ಸಣ್ಣ ಲೇಬಲ್‌ಗಳು. ಸಿನಿಮಾ ಇವರದಲ್ಲ, ಟೇಪು ಇವರದಲ್ಲ, ಸಂಗೀತವೂ ಇವರದಲ್ಲ. ಇವರು ಅನುಮತಿ ಪಡೆದು ಕೆಲಸ ಮಾಡುವವರು.

ಯಾರನ್ನು ಕೇಳಬೇಕು?

ಹಾಗಾದರೆ ಅನುಮತಿ ಯಾರ ಹತ್ತಿರ? ಸಾಮಾನ್ಯವಾಗಿ ರೆಕಾರ್ಡಿಂಗ್ ಸಿನಿಮಾ ಸ್ಟುಡಿಯೋದ ಆಸ್ತಿ. ಆದರೆ ಮೊದಲ ಆಲ್ಬಂ ತಂದ ಕಂಪನಿಗೂ ಅದರ ಮೇಲೆ ಹಕ್ಕು ಇರಬಹುದು. ಸಂಗೀತ ಪ್ರಕಟಣೆಯ ಹಕ್ಕು ಇನ್ನೊಬ್ಬರ ಹತ್ತಿರ ಇರಬಹುದು. ಸಿನಿಮಾದಲ್ಲಿ ಹಾಡು ಇದ್ದರೆ ಅದಕ್ಕೆ ಪ್ರತ್ಯೇಕ ಒಪ್ಪಂದ. ಮುಖಪುಟದ ಮೇಲೆ ನಟರ ಮುಖ ಹಾಕಲಿಕ್ಕೂ ಒಪ್ಪಿಗೆ ಬೇಕಾಗುತ್ತದೆ.

ಇದರ ಮೇಲೆ ಕಂಪನಿಗಳು ಕೈ ಬದಲಾಯಿಸುತ್ತವೆ. ‘ವಿಲೋ’ವನ್ನೇ ನೋಡಿ. ನಿರ್ಮಿಸಿದ್ದು ಲೂಕಾಸ್‌ಫಿಲ್ಮ್, ಹಂಚಿದ್ದು ಎಂಜಿಎಂ, ಸಿಡಿ ತಂದದ್ದು ವರ್ಜಿನ್. 2012ರಲ್ಲಿ ಲೂಕಾಸ್‌ಫಿಲ್ಮನ್ನು ಡಿಸ್ನಿ ಕೊಂಡಿತು. ಇಂಟ್ರಾಡಾ ಎರಡು ಸಿಡಿಗಳ ಆವೃತ್ತಿ ತಂದದ್ದು 2022ರಲ್ಲಿ, ಸಿನಿಮಾ ಬಂದು ಮೂವತ್ತನಾಲ್ಕು ವರ್ಷದ ನಂತರ. ಡಿಸ್ನಿಯಲ್ಲಿ ‘ವಿಲೋ’ ಧಾರಾವಾಹಿ ಶುರುವಾದದ್ದೂ ಅದೇ ವರ್ಷ. ಎರಡಕ್ಕೂ ನೇರ ಸಂಬಂಧ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಸಿನಿಮಾದ ಹೆಸರು ಮತ್ತೆ ಸುದ್ದಿಯಲ್ಲಿದ್ದಾಗ ಇಂಥ ಕೆಲಸಗಳಿಗೆ ಬಾಗಿಲು ತೆರೆಯುವುದು ಸುಲಭ. ಹತ್ತು, ಇಪ್ಪತ್ತೈದು, ನಲವತ್ತನೇ ವರ್ಷಾಚರಣೆಗಳೂ ಹಾಗೆಯೇ. ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ ಬಂದದ್ದು 2010ರಲ್ಲಿ. ಜಾನ್ ಪವೆಲ್ ಅವರ ಆ ಸಂಗೀತದ ಡಿಲಕ್ಸ್ ಆವೃತ್ತಿಯನ್ನು ವರೇಸ್ ಸರಬಾಂಡ್ ತಂದದ್ದು ಸರಿಯಾಗಿ 2020ರಲ್ಲಿ. ಅಭಿಮಾನಿಗಳು ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕುತ್ತಾ ಕೂರುವುದು ಸುಮ್ಸುಮ್ನೆ ಅಲ್ಲ.

ಇನ್ನು ಟೇಪುಗಳ ಪಾಡು

ಅನುಮತಿ ಸಿಕ್ಕಿತು ಅಂದುಕೊಳ್ಳಿ. ಟೇಪು ಎಲ್ಲಿ?

ನನಗೆ ಇಡೀ ಕಥೆಯಲ್ಲಿ ಅತಿ ರೋಚಕ ಅನಿಸುವ ಭಾಗ ಇದು. ಸ್ಟುಡಿಯೋಗಳು ಸಿನಿಮಾದ ನೆಗೆಟಿವ್ ಅನ್ನು ಜೋಪಾನ ಮಾಡುತ್ತವೆ, ಅದು ಮತ್ತೆ ಮತ್ತೆ ದುಡ್ಡು ತರುವ ವಸ್ತು. ಸಂಗೀತದ ಟೇಪುಗಳಿಗೆ ಆ ಮರ್ಯಾದೆ ಸಿಗುತ್ತಿರಲಿಲ್ಲ. ಸಿನಿಮಾ ಮುಗಿದ ಮೇಲೆ ಅವುಗಳಿಂದ ಏನು ಉಪಯೋಗ ಅನ್ನೋ ಮನೋಭಾವ. ಬರೆದಿಟ್ಟ ಸ್ವರಲಿಪಿಗೂ ಇದೇ ಗತಿ. ಎಂಜಿಎಂ ಸ್ಟುಡಿಯೋ 1960ರ ದಶಕದ ಕೊನೆಯ ಹೊತ್ತಿಗೆ ತನ್ನ ಹಳೆಯ ಸಿನಿಮಾಗಳ ಸ್ವರಲಿಪಿ ಭಂಡಾರವನ್ನೇ ಕಸದ ಗುಂಡಿಗೆ ಸುರಿಯಿತು. ಜಾನ್ ವಿಲ್ಸನ್ ಅನ್ನೋ, ಆರ್ಕೆಸ್ಟ್ರಾ ನಡೆಸುವ ಬ್ರಿಟಿಷ್ ಕಂಡಕ್ಟರ್ ಮುಂದೆ ಆ ಸಿನಿಮಾಗಳನ್ನು ಕಿವಿಯಿಂದ ಕೇಳಿ ಕೇಳಿ ಸ್ವರಗಳನ್ನು ಮತ್ತೆ ಬರೆಯಬೇಕಾಯಿತು.

ಟೇಪು ಸಿಕ್ಕಿದರೂ ಅದು ಯಾವ ಸ್ಥಿತಿಯಲ್ಲಿದೆ ಅನ್ನೋದು ಮುಂದಿನ ಪ್ರಶ್ನೆ. 1970 ಮತ್ತು 80ರ ದಶಕದ ಹಲವು ಟೇಪುಗಳಲ್ಲಿ, ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿಕೊಂಡು ಜಿಗುಟಾಗುತ್ತದೆ. ಅದನ್ನು ಹಾಗೇ ಮಷೀನಿಗೆ ಹಾಕಿದರೆ ಪುಡಿ ಕಿತ್ತುಬರುತ್ತದೆ, ಅದರ ಜೊತೆ ಸಂಗೀತವೂ ಹೋಗುತ್ತದೆ. ಪರಿಹಾರ ಕೇಳಿದರೆ ನಗು ಬರಬಹುದು: ಟೇಪನ್ನು ಐವತ್ತು ಡಿಗ್ರಿ ಆಸುಪಾಸಿನ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ತೇವ ಆರುತ್ತದೆ. ಟೇಪು ಕೆಲವು ದಿನ, ಕೆಲವು ವಾರ ಓಡುವ ಸ್ಥಿತಿಗೆ ಬರುತ್ತದೆ. ಅಷ್ಟರಲ್ಲಿ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಅಸಿಟೇಟ್ ಅನ್ನೋ ಪ್ಲಾಸ್ಟಿಕ್ ಮೇಲೆ ಮಾಡಿದ, ದನಿ ಹಿಡಿದಿಡುವ ಹಳೆಯ ಮ್ಯಾಗ್ನೆಟಿಕ್ ಫಿಲ್ಮಿನ ಕಥೆ ಇನ್ನೂ ಕಷ್ಟ. ಅದು ಕೊಳೆಯತೊಡಗಿದರೆ ವಿನೆಗರ್ ವಾಸನೆ ಬರುತ್ತದೆ, ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಒಮ್ಮೆ ಶುರುವಾದರೆ ಹಿಂದಕ್ಕೆ ತರಲು ಆಗುವುದಿಲ್ಲ.

ಕೆಲವು ಸಲ ಎಲ್ಲ ರೀಲು ಸಿಕ್ಕಿ ಒಂದು ಮಾತ್ರ ನಾಪತ್ತೆ. ಅದರಲ್ಲೇ ಕ್ಲೈಮ್ಯಾಕ್ಸ್ ಇರುತ್ತದೆ! ಆಗ ಸಿನಿಮಾದ ಕೊನೆಯ ಮಿಕ್ಸ್‌ನಿಂದ ಸಂಗೀತದ ಟ್ರ್ಯಾಕ್ ಬೇರೆಯಾಗಿ ಉಳಿದಿದೆಯಾ ಅಂತ ಹುಡುಕುತ್ತಾರೆ. ಇದ್ದರೂ ಅದರಲ್ಲಿ ಸಂಭಾಷಣೆಗಾಗಿ ಸಂಗೀತವನ್ನು ಅಲ್ಲಲ್ಲಿ ಇಳಿಸಿರುತ್ತಾರೆ. ಒಂದು ಟ್ರ್ಯಾಕಿನ ಮಧ್ಯದಲ್ಲಿ ಇದ್ದಕ್ಕಿದ್ದಂತೆ ದನಿ ಮಂಕಾದರೆ ಕಾರಣ ಸಾಮಾನ್ಯವಾಗಿ ಇದೇ.

ಏನೂ ದಾರಿ ಇಲ್ಲದಾಗ ಉಳಿಯುವುದು ಮತ್ತೆ ನುಡಿಸುವುದು. 1982ರ ‘ಕೋನನ್ ದ ಬಾರ್ಬೇರಿಯನ್’ ಫ್ಯಾಂಟಸಿ ಸಂಗೀತದಲ್ಲಿ ದೊಡ್ಡ ಹೆಸರು. ಬೇಸಿಲ್ ಪೋಲೆಡೂರಿಸ್ ಅದನ್ನು ರೋಮ್‌ನಲ್ಲಿ ಆರ್ಕೆಸ್ಟ್ರಾ ಮತ್ತು ಕೋರಸ್ ಇಟ್ಟುಕೊಂಡು ರೆಕಾರ್ಡ್ ಮಾಡಿದ್ದರು. 2010ರಲ್ಲಿ ಪ್ರೊಮಿಥಿಯಸ್ ರೆಕಾರ್ಡ್ಸ್ ಅದೇ ಸಂಗೀತವನ್ನು ಪ್ರಾಗ್ ನಗರದ ಆರ್ಕೆಸ್ಟ್ರಾದಿಂದ ಹೊಸದಾಗಿ ನುಡಿಸಿ ಪೂರ್ತಿಯಾಗಿ ತಂದಿತು. ನಿಕ್ ರೇನ್ ನಡೆಸಿಕೊಟ್ಟ ಆ ರೆಕಾರ್ಡಿಂಗಿನ ದನಿ ಸೊಗಸಾಗಿದೆ. ಆದರೆ ಎರಡೇ ವರ್ಷದಲ್ಲಿ, 2012ರಲ್ಲಿ, ಇಂಟ್ರಾಡಾ ಸಿನಿಮಾದ ಮೂಲ ರೆಕಾರ್ಡಿಂಗುಗಳನ್ನೇ ಮೂರು ಸಿಡಿಗಳಲ್ಲಿ ತಂದಿತು. ಹೊಸದು ಹೆಚ್ಚು ಸ್ವಚ್ಛ, ಹಳೆಯದರಲ್ಲಿ ಒರಟುತನ ಇದೆ. ಕತ್ತಿ ಹಿಡಿದ ಕಾಡುಮನುಷ್ಯನ ಕಥೆಗೆ ಒರಟುತನವೇ ಸರಿ ಅಂತ ನನ್ನ ಅಭಿಪ್ರಾಯ. ಒಪ್ಪದವರು ಬೇಕಾದಷ್ಟು ಜನ ಇದ್ದಾರೆ.

ಕಟ್ಟುವವರ ಕೆಲಸ

ಟೇಪು ಕೈಗೆ ಬಂದ ಮೇಲೆ ಆಲ್ಬಂ ಪ್ರೊಡ್ಯೂಸರ್ ಕೆಲಸ ಶುರು. ಈ ಕ್ಷೇತ್ರದಲ್ಲಿ ಮೈಕ್ ಮಟೆಸಿನೋ ಹೆಸರು ದೊಡ್ಡದು. ಜಾನ್ ವಿಲಿಯಮ್ಸ್ ಅವರ ಎಷ್ಟೋ ಹಳೆಯ ಸಂಗೀತಕ್ಕೆ ಮರುಜೀವ ಕೊಟ್ಟವರು ಅವರು. ಮೊದಲ ಮೂರು ‘ಹ್ಯಾರಿ ಪಾಟರ್’ ಸಿನಿಮಾಗಳ ಸಂಗೀತ 2018ರಲ್ಲಿ ಏಳು ಸಿಡಿಗಳ ಪೆಟ್ಟಿಗೆಯಾಗಿ ಬಂತಲ್ಲ, 5000 ಪ್ರತಿಗಳದ್ದು, ಅದೂ ಅವರ ಕೈಯಲ್ಲೇ ಆದದ್ದು. ಇಂಥವರು ಪ್ರತಿ ಟೇಕ್ ಕೇಳುತ್ತಾರೆ. ಸ್ವರಲಿಪಿಯ ಜೊತೆ ತಾಳೆ ನೋಡುತ್ತಾರೆ. ಮೂವತ್ತು ವರ್ಷದ ಹಿಂದೆ ಮ್ಯೂಸಿಕ್ ಎಡಿಟರ್ ಎಲ್ಲಿ ಕತ್ತರಿ ಹಾಕಿದ್ದರು ಅಂತ ಪತ್ತೆ ಮಾಡುತ್ತಾರೆ. ಆಮೇಲೆ ಒಂದು ಕಷ್ಟದ ತೀರ್ಮಾನ: ಸಿನಿಮಾದಲ್ಲಿ ಕೇಳಿಸಿದ ಹಾಗೆ ಜೋಡಿಸಬೇಕಾ, ಸಂಗೀತಗಾರ ಬರೆದ ಹಾಗಾ?

ಸಿನಿಮಾವನ್ನು ನೂರು ಸಲ ನೋಡಿದವರಿಗೆ ಮೊದಲನೆಯದು ಬೇಕು. ಅವರ ಕಿವಿಗೆ ಆ ಕತ್ತರಿಗಳೂ ಸಂಗೀತದ ಭಾಗವೇ ಆಗಿಬಿಟ್ಟಿವೆ. ನನಗೆ ಎರಡನೆಯದು ಇಷ್ಟ. ಒಂದು ರಾಗ ಏರುತ್ತಾ ಏರುತ್ತಾ ಹೋಗಿ, ಸಿನಿಮಾದಲ್ಲಿ ತಟ್ಟಂತ ಕಡಿದುಹೋದ ಜಾಗದಲ್ಲಿ ಸಿಡಿಯಲ್ಲಿ ಮುಂದುವರಿದರೆ, ಅದು ಎಲ್ಲಿಗೆ ಹೊರಟಿತ್ತು ಅಂತ ಮೊದಲ ಸಲ ತಿಳಿಯುತ್ತದೆ. ಒಳ್ಳೆಯ ಆವೃತ್ತಿಗಳು ಬರೆದ ಹಾಗೆ ಜೋಡಿಸಿ, ಬೇರೆ ರೂಪಗಳನ್ನು ಕೊನೆಯಲ್ಲಿ ಕೊಡುತ್ತವೆ. ಹಳೆಯ ಆಲ್ಬಂ ಅನ್ನೂ ಮುಟ್ಟದೆ ಒಂದು ಸಿಡಿಯಲ್ಲಿ ಇಡುತ್ತವೆ.

ಅಷ್ಟಾದರೂ ಮುಗಿಯುವುದಿಲ್ಲ ಅನ್ನೋದಕ್ಕೆ ‘ಲಾರ್ಡ್ ಆಫ್ ದ ರಿಂಗ್ಸ್’ ಸಾಕ್ಷಿ. ಮೊದಲ ಭಾಗದ 2001ರ ಸಿಡಿ ಸುಮಾರು 71 ನಿಮಿಷ. ಆಮೇಲೆ ಸಿನಿಮಾದ ಎಕ್ಸ್‌ಟೆಂಡೆಡ್ ಆವೃತ್ತಿ ಬಂತು, ಅರ್ಧ ಗಂಟೆ ಜಾಸ್ತಿ. ಅದಕ್ಕಾಗಿ ಹೊವಾರ್ಡ್ ಶೋರ್ ಹೊಸ ಸಂಗೀತವನ್ನೂ ಬರೆದರು. 2005ರಲ್ಲಿ ‘ಕಂಪ್ಲೀಟ್ ರೆಕಾರ್ಡಿಂಗ್ಸ್’ ಅನ್ನೋ ಹೆಸರಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆಯ ಸಂಗೀತ ಬಂತು. ಎರಡನೇ ಭಾಗದ್ದು 2006ರಲ್ಲಿ, ಮೂರನೆಯದು 2007ರಲ್ಲಿ. ಕೊನೆಯದಕ್ಕೆ ನಾಲ್ಕು ಸಿಡಿ ಬೇಕಾಯಿತು. ಇಷ್ಟೆಲ್ಲ ಆದ ಮೇಲೂ 2010ರಲ್ಲಿ ಡಗ್ ಆಡಮ್ಸ್ ಈ ಸಂಗೀತದ ಬಗ್ಗೆ ಬರೆದ ಪುಸ್ತಕದ ಜೊತೆ ಇನ್ನೊಂದು ಸಿಡಿ ಬಂತು. ಅಲ್ಲಿಯವರೆಗೆ ಹೊರಬರದೆ ಉಳಿದಿದ್ದ ತುಣುಕುಗಳು ಅದರಲ್ಲಿದ್ದವು.

ಫ್ಯಾಂಟಸಿ ಸಿನಿಮಾಗಳಿಗೇ ಈ ಹಸಿವು ಯಾಕೆ ಜಾಸ್ತಿ ಅಂತಲೂ ಇಲ್ಲೇ ಗೊತ್ತಾಗುತ್ತದೆ. ಇಲ್ಲದ ಲೋಕವೊಂದನ್ನು ನಂಬಿಸುವ ಕೆಲಸದಲ್ಲಿ ಅರ್ಧ ಪಾಲು ಸಂಗೀತದ್ದು. ಶೋರ್ ಒಂದೊಂದು ನಾಡಿಗೂ ಒಂದೊಂದು ದನಿ ಕೊಟ್ಟರು. ಹಾಬಿಟ್ ಅನ್ನೋ ಕುಳ್ಳರ ಊರಿಗೆ ಕೊಳಲು, ಪಿಟೀಲು. ರೋಹನ್‌ಗೆ ನಾರ್ವೆಯ ಹಾರ್ಡಾಂಗರ್ ಪಿಟೀಲು. ಐಸೆನ್‌ಗಾರ್ಡ್‌ಗೆ ಐದು ಮಾತ್ರೆಯ ಲೆಕ್ಕದಲ್ಲಿ ಬಡಿಯುವ ಲೋಹದ ಸದ್ದು. ಆಡಮ್ಸ್ ಪಟ್ಟಿ ಮಾಡಿದ ಇಂಥ ರಾಗಗಳು 80ಕ್ಕೂ ಹೆಚ್ಚು. ಉಂಗುರ ಹೊತ್ತು ಹೊರಡುವ ಒಂಬತ್ತು ಜನರ ಕೂಟದ ರಾಗವನ್ನೇ ಗಮನಿಸಿ. ಶುರುವಿನಲ್ಲಿ ಅದು ಚೂರುಚೂರಾಗಿ ಕೇಳುತ್ತದೆ. ಜೊತೆಗಾರರು ಸೇರುತ್ತಾ ಹೋದ ಹಾಗೆ ಬೆಳೆಯುತ್ತದೆ. ರಿವೆಂಡೆಲ್‌ನಲ್ಲಿ ಒಂಬತ್ತೂ ಜನ ಒಂದಾದಾಗ ತುಂಬಿ ಬರುತ್ತದೆ. ಅವರಲ್ಲೊಬ್ಬನಾದ ಮಾಂತ್ರಿಕ ಗ್ಯಾಂಡಾಲ್ಫ್ ಬಿದ್ದ ಮೇಲೆ ಮತ್ತೆ ಒಡೆಯುತ್ತದೆ. ಒಂದು ಗಂಟೆಯ ಸಿಡಿಯಲ್ಲಿ ಆ ತುಂಬಿದ ಕ್ಷಣ ಸಿಗುತ್ತದೆ, ಅಲ್ಲಿಗೆ ತಲುಪಿದ ದಾರಿ ಸಿಗುವುದಿಲ್ಲ. ಅಭಿಮಾನಿ ಬೇಕು ಅನ್ನುತ್ತಿರುವ ಆ ಎರಡು ನಿಮಿಷ ಹೆಚ್ಚಾಗಿ ಆ ದಾರಿಯಲ್ಲೇ ಇರುತ್ತದೆ.

ಎಲ್ಲ ಸಂಗೀತಕ್ಕೂ ಈ ಮಾತು ಹೊಂದುವುದಿಲ್ಲ, ಅದನ್ನೂ ಹೇಳಬೇಕು. ಜೆರ್ರಿ ಗೋಲ್ಡ್‌ಸ್ಮಿತ್ ಅವರಂಥ ದೊಡ್ಡ ಸಂಗೀತಗಾರರಿಗೇ ಚಿಕ್ಕ ಆಲ್ಬಂ ಇಷ್ಟವಾಗಿತ್ತು. ಪೂರ್ತಿ ಆವೃತ್ತಿಗಳಲ್ಲಿ ಒಂದೇ ಗುಯ್‌ಗುಡುವಿಕೆ ಹತ್ತು ನಿಮಿಷ ನಡೆಯುವ ಜಾಗಗಳು ಬೇಕಾದಷ್ಟಿವೆ. ಕತ್ತಲ ಗುಹೆಯ ದೃಶ್ಯಕ್ಕೆ ಅದು ಸರಿ, ಕಿವಿಗೆ ಬೇಸರ.

ಪ್ರಕಟಣೆ ಬರುವವರೆಗೆ

ಲೇಬಲ್‌ಗಳು ಬಾಯಿ ಬಿಡುವುದಿಲ್ಲ ಅನ್ನೋದು ಕಾಯುವವರ ಇನ್ನೊಂದು ದೂರು. ಮೇಲಿನದ್ದೆಲ್ಲ ಓದಿದರೆ ಯಾಕೆ ಅಂತ ಊಹಿಸಬಹುದು. ಸಹಿ ಆಗದ ಒಪ್ಪಂದ ಕೊನೆ ಗಳಿಗೆಯಲ್ಲಿ ಮುರಿಯಬಹುದು. ಸಂಗೀತಗಾರರ ಒಪ್ಪಿಗೆ ತಡವಾಗಬಹುದು. ಉತ್ತಮ ಟೇಪು ಸಿಕ್ಕಿ ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಗಬಹುದು. ಹಾಗಾಗಿ ಸಿಡಿ ಅಚ್ಚಾಗಿ ಕೈಗೆ ಬರುವ ಹೊತ್ತಿಗೆ ಮಾತ್ರ ಹೆಸರು ಹೇಳುತ್ತಾರೆ. ಅದಕ್ಕೂ ಮೊದಲು ಸಣ್ಣ ಸುಳಿವು ಕೊಡುವ ಚಾಳಿ ಕೆಲವರಿಗಿದೆ. ಆಗ ನಡೆಯುವ ಊಹಾಪೋಹ ನೋಡಬೇಕು, ಪತ್ತೇದಾರಿ ಕಾದಂಬರಿಗೆ ಕಮ್ಮಿ ಇರುವುದಿಲ್ಲ. ನನ್ನ ಅನುಭವದಲ್ಲಿ ಮೌನವನ್ನು ‘ಇಲ್ಲ’ ಅಂತ ಓದುವುದೂ ತಪ್ಪು, ‘ಹೌದು’ ಅಂತ ಓದುವುದೂ ತಪ್ಪು.

ಪ್ರಕಟಣೆ ಬಂದಾಗ ನೋಡಬೇಕಾದ್ದು ಸಿಡಿಗಳ ಸಂಖ್ಯೆಯನ್ನಲ್ಲ. ಮೂಲ ಯಾವುದು ಅಂತ ನೋಡಿ. ಹಳೆಯ ಆಲ್ಬಂ ಟೇಪನ್ನೇ ತೊಳೆದು ಬಳಸಿದ್ದರೆ ಅದು ರೀಮಾಸ್ಟರ್. ವಾದ್ಯಗಳ ದನಿ ಬೇರೆಬೇರೆ ಪಟ್ಟಿಗಳಲ್ಲಿರುವ, ರೆಕಾರ್ಡಿಂಗ್ ದಿನದ ಮಲ್ಟಿಟ್ರ್ಯಾಕ್ ಟೇಪುಗಳಿಂದ ಹೊಸದಾಗಿ ಮಿಕ್ಸ್ ಮಾಡಿದ್ದರೆ ಅದು ರೀಮಿಕ್ಸ್. ಕೇಳುವಾಗ ಎರಡಕ್ಕೂ ತುಂಬಾ ವ್ಯತ್ಯಾಸ ಗೊತ್ತಾಗುತ್ತದೆ. ಬೇರೆ ರೂಪಗಳು ಎಷ್ಟಿವೆ, ಸಿನಿಮಾದಲ್ಲಿ ಬಳಸದ ಕ್ಯೂಗಳಿವೆಯಾ, ಕೋರಸ್ ಇರುವುದೂ ಇಲ್ಲದಿರುವುದೂ ಎರಡೂ ಇವೆಯಾ ಅಂತ ಟ್ರ್ಯಾಕ್ ಪಟ್ಟಿಯಲ್ಲಿ ಹುಡುಕಿ. ಜೊತೆಗೆ ಬರುವ ಪುಟ್ಟ ಪುಸ್ತಕವನ್ನು ಬಿಡಬೇಡಿ. ಯಾವ ಕ್ಯೂ ಯಾವ ದೃಶ್ಯದ್ದು, ಯಾಕೆ ಬದಲಾಯಿತು ಅಂತ ಅದರಲ್ಲಿರುತ್ತದೆ. ಕೆಲವು ಸಲ ಸಂಗೀತಕ್ಕಿಂತ ಆ ಬರಹವೇ ರುಚಿ.

ಸ್ಟ್ರೀಮಿಂಗ್‌ನಲ್ಲಿ ಬರುತ್ತಲ್ಲ, ಕಾಯೋಣ ಅನ್ನುವವರಿಗೆ ಒಂದು ಎಚ್ಚರಿಕೆ. ಇಂಥ ಎಷ್ಟೋ ಆವೃತ್ತಿಗಳಿಗೆ ಸಿಡಿಗೆ ಮಾತ್ರ ಲೈಸೆನ್ಸ್ ಇರುತ್ತದೆ, ಅದೂ ಇಷ್ಟೇ ಪ್ರತಿ ಅಂತ. ಖಾಲಿಯಾದ ಮೇಲೆ ಮತ್ತೆ ಅಚ್ಚು ಹಾಕಬೇಕಾದರೆ ಹೊಸ ಒಪ್ಪಂದ ಬೇಕು. ಅದು ಮುಂದಿನ ವರ್ಷವೇ ಆಗಬಹುದು, ಹತ್ತು ವರ್ಷ ಆಗದೆಯೂ ಇರಬಹುದು. ಅಷ್ಟರಲ್ಲಿ ಹಳೆಯ ಪ್ರತಿಗಳು ಮೂಲ ಬೆಲೆಯ ಎಷ್ಟೋ ಪಟ್ಟಿಗೆ ಕೈ ಬದಲಾಯಿಸುತ್ತಿರುತ್ತವೆ.